ಖಾಲಿ ವಾಡೆಗೆ ಬಂದ 99 ಹುಡುಗರು: ಸ್ಟೋ ಶಾಲೆಯ ಪ್ರಕರಣ

1923ರ ಮೇ 11. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನ ಹಳ್ಳಿಗಾಡಿನಲ್ಲಿ ಒಂದು ಬಂಗಲೆ. ಈ ತುದಿಯಿಂದ ಆ ತುದಿಗೆ 916 ಅಡಿ. ಎರಡು ವರ್ಷದ ಹಿಂದೆ ಒಳಗಿನ ಸಾಮಾನೆಲ್ಲ ಹರಾಜಾಗಿ ಹೋಗಿತ್ತು. ತೋಟದ ಶಿಲ್ಪಗಳನ್ನೂ ಬಿಟ್ಟಿರಲಿಲ್ಲ. ಆ ದಿನ ಅಲ್ಲಿಗೆ 99 ಹುಡುಗರು ಬಂದು ಇಳಿದರು. ಸ್ಟೋ ಶಾಲೆ ಶುರುವಾಗಿದ್ದು ಹಾಗೆ.

ನಾನು ಬಳ್ಳಾರಿ ಕಡೆಯವನು. ನಮ್ಮ ಕಡೆ ಊರ ಗೌಡರ, ದೇಸಾಯರ ದೊಡ್ಡ ಮನೆಗೆ ವಾಡೆ ಅಂತಾರೆ. ಬಾಗಿಲ ಮೇಲೆ ಕೆತ್ತನೆ, ಒಳಗೆ ಬಾವಲಿ, ಛಾವಣಿಯ ಮೂಲೆಯಲ್ಲಿ ಆಲದ ಸಸಿ. ಅಂಥ ವಾಡೆಗಳು ಬೀಳೋದನ್ನು ನೋಡುತ್ತಾ ಬೆಳೆದಿದ್ದೇನೆ. ಹತ್ತನೇ ಕ್ಲಾಸಿನ ತನಕ ಹಾಸ್ಟೆಲ್‌ನಲ್ಲಿ ಓದಿದ್ದೇನೆ. ಹಾಗಾಗಿ ಒಂದು ವಾಡೆಯೇ ಹಾಸ್ಟೆಲ್ ಆದ ಕಥೆ ಓದಿದಾಗ ನನಗೆ ಬಿಡಲಾಗಲಿಲ್ಲ. ಓದುತ್ತಾ ಹೋದಂತೆ ಈ ಮನೆಗೂ ನಮ್ಮ ಬಳ್ಳಾರಿಗೂ ಒಂದು ಎಳೆ ಇದೆ ಅಂತ ಗೊತ್ತಾಯಿತು. ಅದನ್ನೂ ಇಲ್ಲೇ ಹೇಳುತ್ತೇನೆ.

ನನ್ನ ತಲೆಯಲ್ಲಿದ್ದ ಪ್ರಶ್ನೆ ಒಂದೇ. ಯಾರೋ ತಮ್ಮ ದೊಡ್ಡಸ್ತಿಕೆಗಾಗಿ ಕಟ್ಟಿದ ಮನೆ, ಆ ದೊಡ್ಡಸ್ತಿಕೆ ಮುಗಿದ ಮೇಲೆ ಯಾರ ಹೆಗಲಿಗೆ ಬೀಳಬೇಕು?

ಕುರಿಯಿಂದ ಶುರುವಾದ ಮನೆ

ಟೆಂಪಲ್ ಅನ್ನೋ ಕುಟುಂಬ. ಕುರಿ ಸಾಕಿ, ಉಣ್ಣೆಯಲ್ಲಿ ದುಡ್ಡು ಮಾಡಿದವರು. 1589ರಲ್ಲಿ ಸ್ಟೋ ಜಮೀನನ್ನು ಕೊಂಡರು. ನೂರು ವರ್ಷ ಆಗುವಷ್ಟರಲ್ಲಿ ಇಟ್ಟಿಗೆಯ ದೊಡ್ಡ ಮನೆ ಎದ್ದಿತು. ಆಮೇಲೆ ಬಂದವನು ಲಾರ್ಡ್ ಕೋಬಮ್. ಸೈನ್ಯದಲ್ಲಿ ಹೆಸರು ಮಾಡಿ ಬಂದು ರಾಜಕೀಯಕ್ಕೆ ಇಳಿದ ಮನುಷ್ಯ. ಅವನಿಗೆ ತೋಟದ ಹುಚ್ಚು ಜಾಸ್ತಿ. ವ್ಯಾನ್‌ಬ್ರೂ, ಬ್ರಿಜ್‌ಮನ್, ಗಿಬ್ಸ್, ಕೆಂಟ್ ಅಂತ ಆ ಕಾಲದ ದೊಡ್ಡ ಹೆಸರಿನ ವಾಸ್ತುಶಿಲ್ಪಿಗಳು, ತೋಟ ರೂಪಿಸುವವರೆಲ್ಲ ಇಲ್ಲಿ ಕೆಲಸ ಮಾಡಿದರು. 1741ರಲ್ಲಿ ಲ್ಯಾನ್ಸಲಾಟ್ ಬ್ರೌನ್ ಅನ್ನೋ ಹುಡುಗ ಕೆಲಸಕ್ಕೆ ಸೇರಿದ, ಇಲ್ಲೇ ಮುಖ್ಯ ತೋಟಗಾರನಾದ, ಇಲ್ಲೇ ಮದುವೆಯಾದ. ಮುಂದೆ ಇಂಗ್ಲೆಂಡಿನ ತೋಟಗಳ ರೂಪವನ್ನೇ ಬದಲಿಸಿದ ‘ಕೇಪಬಿಲಿಟಿ’ ಬ್ರೌನ್ ಅಂದರೆ ಇವನೇ.

ತೋಟ ಅಂದರೆ ಹೂವಿನ ಮಡಿ ಅಂದುಕೊಳ್ಳಬೇಡಿ. ಕೆರೆ, ಗುಡ್ಡದ ಇಳಿಜಾರು, ಸೇತುವೆ, ಮತ್ತು ಅಲ್ಲಲ್ಲಿ ಗ್ರೀಕ್, ರೋಮನ್ ಮಾದರಿಯ ಗುಡಿಗಳು. ಮನೆತನದ ಹೆಸರೇ ಟೆಂಪಲ್ ಅಲ್ವಾ, ನಿನ್ನ ಗುಡಿಗಳು ಎಷ್ಟು ಚೆಂದ ಅನ್ನೋ ಬೈಬಲ್ ಸಾಲನ್ನೇ ಅವರು ಧ್ಯೇಯವಾಕ್ಯ ಮಾಡಿಕೊಂಡಿದ್ದರು. ಆ ಗುಡಿಗಳಲ್ಲಿ ದೇವರಿಲ್ಲ, ಇರುವುದೆಲ್ಲ ರಾಜಕೀಯ. ಕೋಬಮ್‌ಗೆ ಪ್ರಧಾನಿ ವಾಲ್‌ಪೋಲ್ ಕಂಡರೆ ಆಗುತ್ತಿರಲಿಲ್ಲ. ಹಳೆಯ ಕಾಲದ ಸದ್ಗುಣಕ್ಕೆ ಒಂದು ಸೊಗಸಾದ ಗುಡಿ ಕಟ್ಟಿಸಿ, ಅದರ ಹತ್ತಿರವೇ ಈಗಿನ ಕಾಲದ ಸದ್ಗುಣಕ್ಕೆ ಅಂತ ಬೇಕೆಂದೇ ಪಾಳು ಬಿದ್ದಂತೆ ಒಂದು ಕಟ್ಟಿಸಿ, ಅಲ್ಲಿ ತಲೆಯಿಲ್ಲದ ಒಂದು ಮೂರ್ತಿ ನಿಲ್ಲಿಸಿದ. ಅದು ವಾಲ್‌ಪೋಲ್ ಅಂತ ನೋಡಿದವರಿಗೆಲ್ಲ ಅರ್ಥವಾಗುತ್ತಿತ್ತು. ಇವತ್ತು ಅದೇ ಶಾಲೆಯಲ್ಲಿ ವಾಲ್‌ಪೋಲ್ ಹೆಸರಿನ ಹಾಸ್ಟೆಲ್ ಇದೆ.

ಈ ತೋಟಕ್ಕಾಗಿ ಒಂದು ಹಳ್ಳಿ ಹೋಯಿತು. ಸ್ಟೋ ಅನ್ನೋದು ಮೊದಲು ಹಳ್ಳಿಯ ಹೆಸರು. ತೋಟ ಬೆಳೆದ ಹಾಗೆ ಮನೆಗಳು ಒಂದೊಂದಾಗಿ ಖಾಲಿಯಾದವು, ಜನ ಪಕ್ಕದ ಡ್ಯಾಡ್‌ಫೋರ್ಡ್‌ಗೆ ಸರಿದರು. ಉಳಿದಿದ್ದು ಊರ ಚರ್ಚ್ ಮಾತ್ರ. ಅದನ್ನೂ ಮರಗಳ ಹಿಂದೆ ಮರೆ ಮಾಡಿದ್ದಾರೆ. ಸ್ಟೋದ ಚೆಂದವನ್ನು ಹೊಗಳುವಾಗ ನಾನು ಈ ಚರ್ಚನ್ನು ಮರೆಯಬಾರದು ಅಂದುಕೊಂಡಿದ್ದೇನೆ. ಊರೇ ಇಲ್ಲದ ಊರ ದೇವಸ್ಥಾನ ಅದು.

ನಲವತ್ತು ದಿನದ ಹರಾಜು

ಟೆಂಪಲ್ ಮನೆತನ ಮದುವೆಗಳ ಮೂಲಕ ಗ್ರೆನ್‌ವಿಲ್ ಆಯಿತು, ನ್ಯೂಜೆಂಟ್ ಸೇರಿತು, ಬ್ರಿಜಸ್, ಶಾಂಡೋಸ್ ಸೇರಿತು. ಪ್ರತಿ ಮದುವೆಯ ಜೊತೆ ಆಸ್ತಿ ಬಂತು. ಜಮೈಕಾದ ಹೋಪ್ ಎಸ್ಟೇಟ್ ಬಂದಿದ್ದೂ ಹಾಗೇ. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. 1822ರಲ್ಲಿ ಬಕಿಂಗ್‌ಹ್ಯಾಮ್ ಡ್ಯೂಕ್ ಅನ್ನೋ ಪದವಿ ಸಿಕ್ಕಿತು. ಪದವಿ ದೊಡ್ಡದಾದ ಹಾಗೆ ಖರ್ಚೂ ಬೆಳೆಯಿತು.

ಎರಡನೇ ಡ್ಯೂಕ್ ಕಾಲಕ್ಕೆ ಸಾಲ ಹತ್ತು ಲಕ್ಷ ಪೌಂಡ್ ದಾಟಿತ್ತು. ಆ ಕಾಲದ ಹತ್ತು ಲಕ್ಷ! ಆದರೂ 1845ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿಯನ್ನೂ ಅವರ ಗಂಡ ಆಲ್ಬರ್ಟ್‌ನನ್ನೂ ಮನೆಗೆ ಕರೆದು ಸತ್ಕಾರ ಮಾಡಿದ. ಮೂರೇ ವರ್ಷ. 1848ರಲ್ಲಿ ಮನೆಯ ಸಾಮಾನು ಹರಾಜಿಗೆ ಬಂತು. ಕ್ರಿಸ್ಟೀಸ್‌ನವರು ನಡೆಸಿದ ಆ ಹರಾಜು 40 ದಿನ ನಡೆಯಿತು. ಚಿತ್ರ, ಶಿಲ್ಪ, ಬೆಳ್ಳಿ, ಪಿಂಗಾಣಿ, ನೆಲಮಾಳಿಗೆಯ ವೈನ್, ಎಲ್ಲ. ಬಂದಿದ್ದು ಸುಮಾರು 75,000 ಪೌಂಡ್. ಸಾಲದ ಮುಂದೆ ಅದು ಏನೂ ಅಲ್ಲ.

ಅವತ್ತು ಮಾರಿ ಹೋದದ್ದರಲ್ಲಿ ಶೇಕ್ಸ್‌ಪಿಯರ್‌ನದು ಅಂತ ನಂಬುವ ಒಂದು ಚಿತ್ರವೂ ಇತ್ತು. ಈ ಮನೆತನದ ಹೆಸರಿನಿಂದಲೇ ಅದನ್ನು ಶಾಂಡೋಸ್ ಚಿತ್ರ ಅಂತಾರೆ. ಕಿವಿಯಲ್ಲಿ ಒಂಟಿ ಬಳೆ ಹಾಕಿಕೊಂಡ ಶೇಕ್ಸ್‌ಪಿಯರ್, ನಾವೆಲ್ಲ ಪಠ್ಯಪುಸ್ತಕದಲ್ಲಿ ನೋಡಿದ್ದೇವಲ್ಲ, ಅದೇ. ಕೊಂಡವನು 1856ರಲ್ಲಿ ಅದನ್ನು ಲಂಡನ್ನಿನ ಹೊಸ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಕೊಟ್ಟ. ಅಲ್ಲಿನ ದಾಖಲೆಯಲ್ಲಿ ಅದು ಮೊದಲನೇ ನಂಬರಿನ ಚಿತ್ರ.

ಬಳ್ಳಾರಿಯ ಎಳೆ

ಮೂರನೇ ಡ್ಯೂಕ್ ಅಪ್ಪನ ಹಾಗಲ್ಲ. ಕೆಲಸದ ಮನುಷ್ಯ. ರೈಲ್ವೆ ಕಂಪನಿಯೊಂದರ ಅಧ್ಯಕ್ಷನಾಗಿ ದುಡಿದ, ಸಾಲ ತೀರಿಸುತ್ತಾ ಬಂದ. 1875ರಲ್ಲಿ ಅವನನ್ನು ಮದ್ರಾಸಿನ ಗವರ್ನರ್ ಮಾಡಿ ಕಳಿಸಿದರು. 1880ರ ತನಕ ಇದ್ದ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಂದರೆ ಸ್ಟೋ ಮನೆಯ ಯಜಮಾನ ಐದು ವರ್ಷ ನಮ್ಮ ಜಿಲ್ಲೆಯ ಒಡೆಯ.

ಆ ಐದು ವರ್ಷದಲ್ಲೇ ಧಾತು ಈಶ್ವರದ ಬರ ಬಂತು. ಧಾತು ಸಂವತ್ಸರ, ಅದರ ಹಿಂದೆಯೇ ಈಶ್ವರ ಸಂವತ್ಸರ, 1876ರಿಂದ 1878. ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ಮೈಸೂರು ಸೀಮೆ ತತ್ತರಿಸಿತು. ಬಳ್ಳಾರಿ, ಕರ್ನೂಲು, ಕಡಪ ಅತಿ ಹೆಚ್ಚು ನರಳಿದ ಜಿಲ್ಲೆಗಳು. ನಮ್ಮಜ್ಜಿಗೆ ಅವರಜ್ಜಿ ಹೇಳುತ್ತಿದ್ದರಂತೆ, ಕತ್ತಾಳೆ ಗೆಡ್ಡೆ ಬೇಯಿಸಿ ತಿಂದ ಕಥೆ. ಊಟದ ತಟ್ಟೆಯಲ್ಲಿ ಅನ್ನ ಬಿಟ್ಟರೆ ಅಜ್ಜಿ ಆ ಬರದ ಹೆಸರೆತ್ತುತ್ತಿದ್ದರು.

ಗವರ್ನರ್ ಆಗಿ ಡ್ಯೂಕ್ ಏನು ಮಾಡಿದ? ಅವನ ಸರ್ಕಾರ ಮೊದಲಿಗೆ ಗುಟ್ಟಾಗಿ ಧಾನ್ಯ ಕೊಳ್ಳಲು ಹೋಯಿತು. ವೈಸ್‌ರಾಯ್ ಲಿಟ್ಟನ್‌ಗೆ ಅದು ಹಿಡಿಸಲಿಲ್ಲ. ಮಾರುಕಟ್ಟೆಯಲ್ಲಿ ಸರ್ಕಾರ ಕೈ ಹಾಕಬಾರದು ಅನ್ನೋದು ಅವನ ನಂಬಿಕೆ. ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನು ಕಳಿಸಿದ. ಆತ ಬಂದು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊರುವವರ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಅರ್ಧ ಕಿಲೋ ಕೂಡ ಅಲ್ಲ. ಮದ್ರಾಸಿನ ಆರೋಗ್ಯ ಅಧಿಕಾರಿ ಕಾರ್ನಿಶ್ ಇದರಿಂದ ಜನ ಬದುಕಲ್ಲ ಅಂತ ಜಗಳವಾಡಿದರು. 1877ರ ಆಗಸ್ಟ್‌ನಲ್ಲಿ ಡ್ಯೂಕ್ ಲಂಡನ್ನಿನ ಮೇಯರ್‌ಗೆ ನೇರವಾಗಿ ಸಹಾಯ ಕೇಳಿದ. ಇಂಗ್ಲೆಂಡಿನ ಸಾಮಾನ್ಯ ಜನ ಲಕ್ಷಗಟ್ಟಲೆ ಪೌಂಡ್ ಕೊಟ್ಟರು. ಅಷ್ಟರಲ್ಲಿ ಸಾಯುವವರು ಸಾಯುತ್ತಲೇ ಇದ್ದರು. ಚೆನ್ನೈ ಊರೊಳಗೆ ಹಾದು ಹೋಗುವ ಬಕಿಂಗ್‌ಹ್ಯಾಮ್ ಕಾಲುವೆಗೆ ಇವನ ಹೆಸರು. ನಗರದ ಆ ಭಾಗವನ್ನು ಅಗೆದವರು ಬರಗಾಲದ ಕೂಲಿಗಳು.

ಇದು ಶಾಲೆಯ ಕಥೆಗೆ ಯಾಕೆ ಬೇಕು ಅಂತ ಕೇಳಬಹುದು. ಸ್ಟೋದಂಥ ಮನೆಯನ್ನು ಹೊತ್ತವರು ಆ ಮನೆಯಲ್ಲಿ ಇದ್ದವರಷ್ಟೇ ಅಲ್ಲ, ಅದಕ್ಕೇ ಬೇಕು. ಕಾಣೆಯಾದ ಹಳ್ಳಿಯವರು, ಜಮೈಕಾದವರು, ಎಲ್ಲೋ ದೂರದ ನಮ್ಮವರು. ಇವರನ್ನು ಬಿಟ್ಟು ಬರೀ ಕಂಬದ ಲೆಕ್ಕ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಕೊನೆಗೆ ಮನೆಯನ್ನೇ ಮಾರಿದರು

ಮೂರನೇ ಡ್ಯೂಕ್ 1889ರಲ್ಲಿ ತೀರಿಕೊಂಡ. ಗಂಡು ಮಕ್ಕಳಿರಲಿಲ್ಲ, ಡ್ಯೂಕ್ ಪದವಿ ಅಲ್ಲಿಗೆ ಮುಗಿಯಿತು. ಮನೆ ಮಗಳು ಲೇಡಿ ಕಿನ್‌ಲಾಸ್ ಪಾಲಿಗೆ ಬಂತು. ಕೆಲವು ವರ್ಷ ಫ್ರಾನ್ಸಿನ ಸಿಂಹಾಸನಕ್ಕೆ ಹಕ್ಕುದಾರನಾಗಿದ್ದ ಪ್ಯಾರಿಸ್ ಕೌಂಟ್ ಬಾಡಿಗೆಗಿದ್ದ, 1894ರಲ್ಲಿ ಅಲ್ಲೇ ಸತ್ತ. 1914ರಲ್ಲಿ ಲೇಡಿ ಕಿನ್‌ಲಾಸ್ ಅವರ ಹಿರಿಮಗ ಯುದ್ಧದಲ್ಲಿ ಸತ್ತ. ಎರಡನೆಯ ಮಗನ ಕೈಲಿ ಈ ಭಾರ ಹೊರಲು ಆಗಲಿಲ್ಲ. 1921ರಲ್ಲಿ ಮನೆ, ತೋಟ, ಉಳಿದ ಶಿಲ್ಪ, ಎಲ್ಲವೂ ಮಾರಾಟಕ್ಕೆ ಬಂದವು. ದಕ್ಷಿಣದ ಮೆಟ್ಟಿಲ ಬಳಿ ಕಾವಲಿದ್ದ ಎರಡು ಸಿಂಹಗಳು ಸಮುದ್ರ ತೀರದ ಬ್ಲ್ಯಾಕ್‌ಪೂಲ್‌ನ ಒಂದು ಪಾರ್ಕಿಗೆ ಹೋದವು.

ಆ ಕಾಲದಲ್ಲಿ ಇದೊಂದೇ ಮನೆ ಹೀಗಾಗಿದ್ದಲ್ಲ. ಬೇಸಾಯದ ಬೆಲೆ ಕುಸಿದಿತ್ತು. ಯಜಮಾನ ಸತ್ತರೆ ಆಸ್ತಿಯ ಮೇಲೆ ಭಾರೀ ತೆರಿಗೆ. ವಾರಸುದಾರರು ಯುದ್ಧದಲ್ಲಿ ಹೋಗಿದ್ದರು. ಮನೆಗೆಲಸಕ್ಕೆ ಜನ ಸಿಗುತ್ತಿರಲಿಲ್ಲ. 20ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಮನೆಗಳನ್ನು ಕೆಡವಿದರು. ಸೀಸ, ಮರ, ಕಲ್ಲು ಬೇರೆ ಬೇರೆ ಮಾಡಿ ಮಾರಿದರು. ಸ್ಟೋವನ್ನು ಕೊಂಡ ಹ್ಯಾರಿ ಶಾ ಅನ್ನುವವರು ಅದನ್ನು ದೇಶಕ್ಕೆ ದಾನ ಕೊಡಲು ಹೊರಟಿದ್ದರು. ನೋಡಿಕೊಳ್ಳಲು ಬೇಕಾದ ಇಡುಗಂಟು ಹುಟ್ಟಲಿಲ್ಲ, ದಾನ ನಿಂತಿತು. ದಾನವಾಗಿ ಕೊಟ್ಟರೂ ಬೇಡ ಅನ್ನುವಂಥ ಆಸ್ತಿ ಅದಾಗಿತ್ತು. 1922ರಲ್ಲಿ ಮತ್ತೆ ಮಾರಾಟಕ್ಕೆ ಬಂತು.

ಒಬ್ಬ ಪಾದ್ರಿ, ಒಬ್ಬ ವಾಸ್ತುಶಿಲ್ಪಿ, ಒಬ್ಬ ಮೇಷ್ಟ್ರು

ಅದೇ ಹೊತ್ತಿಗೆ ಇನ್ನೊಂದು ಕಡೆ ಇನ್ನೊಂದು ಒತ್ತಡವಿತ್ತು. ಯುದ್ಧ ಮುಗಿದ ಮೇಲೆ ಮಕ್ಕಳನ್ನು ‘ಪಬ್ಲಿಕ್ ಸ್ಕೂಲ್’ಗೆ ಸೇರಿಸಬೇಕು ಅನ್ನೋ ಮಧ್ಯಮ ವರ್ಗದವರು ಜಾಸ್ತಿಯಾದರು. ಅಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆಯಲ್ಲ, ದುಬಾರಿ ಫೀಸಿನ ಬೋರ್ಡಿಂಗ್ ಶಾಲೆ. ಹಳೆಯ ಶಾಲೆಗಳಲ್ಲಿ ಸೀಟಿಲ್ಲ. ಒಂದು ಕಡೆ ಮಕ್ಕಳಿಗೆ ಜಾಗ ಇಲ್ಲ, ಇನ್ನೊಂದು ಕಡೆ ದೊಡ್ಡ ಮನೆಗಳಿಗೆ ಜನ ಇಲ್ಲ.

ಈ ಎರಡನ್ನೂ ಜೋಡಿಸಿದವರು ಪರ್ಸಿ ವಾರಿಂಗ್ಟನ್. ಮಾಂಕ್ಟನ್ ಕೂಂಬ್ ಅನ್ನೋ ಹಳ್ಳಿಯ ಪಾದ್ರಿ. ಒಂದರ ಹಿಂದೆ ಒಂದು ಬಂಗಲೆ ಕೊಂಡು ಶಾಲೆ ತೆರೆಯುತ್ತಾ ಹೋದರು. ಸ್ಟೋ, ಕ್ಯಾನ್‌ಫರ್ಡ್, ಹೆಣ್ಣುಮಕ್ಕಳಿಗೆ ವೆಸ್ಟನ್‌ಬರ್ಟ್. ಹೀಗೆ ಮಾಡಲು ಧೈರ್ಯ ಬೇಕು. ಅವರಲ್ಲಿ ಧೈರ್ಯ ಬೇಕಾದಷ್ಟಿತ್ತು, ಕೈಯಲ್ಲಿ ದುಡ್ಡು ಅಷ್ಟಿರಲಿಲ್ಲ. ಅದು ಮುಂದೆ ತೊಂದರೆಯಾಯಿತು.

ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್-ಎಲಿಸ್. ಬಕಿಂಗ್‌ಹ್ಯಾಮ್ ಊರಿನಿಂದ ಸ್ಟೋಗೆ ಬರುವ ಸಾಲುಮರದ ನೇರ ದಾರಿಯನ್ನು ತುಂಡು ತುಂಡು ಮಾಡಿ ಸೈಟು ಹಂಚುತ್ತಾರೆ ಅಂತ ಗೊತ್ತಾದಾಗ ತಮ್ಮ ಸ್ವಂತ ದುಡ್ಡಿನಲ್ಲಿ ಅದನ್ನು ಕೊಂಡುಬಿಟ್ಟರು. ಶಾಲೆಯ ಮೊದಲ ವರ್ಷಗಳ ಕಟ್ಟಡದ ಕೆಲಸಗಳನ್ನೂ ಅವರೇ ನೋಡಿಕೊಂಡರು. ಆ ದಾರಿ ಇವತ್ತಿಗೂ ಹಾಗೇ ಇದೆ.

ಇನ್ನು ಮೇಷ್ಟ್ರು. ಜೆ. ಎಫ್. ರಾಕ್ಸ್‌ಬರ್ಗ್. 1888ರಲ್ಲಿ ಹುಟ್ಟಿದವರು, ಲ್ಯಾನ್ಸಿಂಗ್ ಶಾಲೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದ್ದರು. ಹೆಡ್‌ಮಾಸ್ಟರ್ ಆದಾಗ ಮೂವತ್ತೈದರ ಹತ್ತಿರ. ಮದುವೆಯಾಗಲಿಲ್ಲ. 1949ರ ತನಕ, 26 ವರ್ಷ, ಸ್ಟೋ ಅಂದರೆ ಅವರೇ ಆಗಿದ್ದರು.

ಇವರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದವರು ಇವರೇ. ಆಗಿನ ಇಂಗ್ಲಿಷ್ ಬೋರ್ಡಿಂಗ್ ಶಾಲೆಗಳಲ್ಲಿ ಹುಡುಗರನ್ನು ಮನೆತನದ ಹೆಸರಿನಿಂದ ಮಾತ್ರ ಕೂಗುತ್ತಿದ್ದರು. ದೊಡ್ಡ ಹುಡುಗರ ಸೇವೆಯನ್ನು ಚಿಕ್ಕವರು ಮಾಡಬೇಕು, ಆಟ ಅಂದರೆ ಪೂಜೆ, ಹೊಡೆತ ದಿನಚರಿ. ರಾಕ್ಸ್‌ಬರ್ಗ್ ಹುಡುಗರನ್ನು ಅವರ ಸ್ವಂತ ಹೆಸರು ಹಿಡಿದು ಕರೆದರು. ಶಾಲೆ ಏಳೆಂಟು ವರ್ಷದಲ್ಲಿ ಸುಮಾರು 500 ಹುಡುಗರ ಶಾಲೆ ಆದಾಗಲೂ ಪ್ರತಿಯೊಬ್ಬನ ಹೆಸರು ಅವರಿಗೆ ಗೊತ್ತು, ಹುಟ್ಟಿದ ದಿನವೂ ಗೊತ್ತು. ಹಾಸ್ಟೆಲ್‌ನಲ್ಲಿ ಬೆಳೆದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಹನ್ನೊಂದು ವರ್ಷ ಇದ್ದಾಗ ವಾರ್ಡನ್ ಒಬ್ಬರು ರಿಜಿಸ್ಟರ್ ನೋಡದೆ ನನ್ನ ಹೆಸರು ಹಿಡಿದು ಕರೆದ ದಿನ ಇವತ್ತಿಗೂ ನೆನಪಿದೆ. ಆ ರಾತ್ರಿ ನಾನು ಅಳಲಿಲ್ಲ.

ಅವರಿಗೆ ಮನೆಯ ಚೆಲುವೂ ಪಾಠದ ಒಂದು ಭಾಗವೇ ಆಗಿತ್ತು. ಇಲ್ಲಿಂದ ಹೊರಗೆ ಹೋಗುವ ಹುಡುಗ ಜೀವನವಿಡೀ ಚೆಲುವನ್ನು ಕಂಡಲ್ಲಿ ಗುರುತು ಹಿಡಿಯಬೇಕು ಅನ್ನೋ ಅರ್ಥದ ಮಾತು ಅವರದು. ಬೇರೆ ಶಾಲೆಗಳಿಗೆ ಬಂಗಲೆ ಅಂದರೆ ಅಗ್ಗಕ್ಕೆ ಸಿಕ್ಕ ಕಟ್ಟಡ. ದೊಡ್ಡ ಕಂಬಗಳ ನಡುವೆ ದಿನಾ ಓಡಾಡುವ, ಕೆರೆಯಲ್ಲಿ ಈಜುವ, ಗುಡಿಯ ಮೆಟ್ಟಿಲ ಮೇಲೆ ಕೂತು ಓದುವ ಹುಡುಗನ ಕಣ್ಣು ಬೇರೆಯೇ ಆಗುತ್ತದೆ ಅಂತ ಇವರು ನಂಬಿದ್ದರು.

ಅವರು ದೇವರೇನಲ್ಲ. ಬೆತ್ತ ಅವರ ಕೈಯಲ್ಲೂ ಇತ್ತು. ಡೇವಿಡ್ ನಿವೆನ್ ಅನ್ನೋ ಹುಡುಗ ಶುರುವಿನ ವರ್ಷಗಳಲ್ಲೇ ಸ್ಟೋ ಸೇರಿದ. ಮುಂದೆ ಹಾಲಿವುಡ್‌ನಲ್ಲಿ ಆಸ್ಕರ್ ಗೆದ್ದ ನಟ. ಅದಕ್ಕೂ ಮುಂಚೆ ಒಂದು ಶಾಲೆಯಿಂದ ಹೊರಹಾಕಿಸಿಕೊಂಡಿದ್ದವನು. ಸ್ಟೋದಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ. ರಾಕ್ಸ್‌ಬರ್ಗ್ ಬೆತ್ತದ ಏಟು ಕೊಟ್ಟರು, ಆದರೆ ಶಾಲೆಯಿಂದ ಕಳಿಸಲಿಲ್ಲ. ಏಟನ್ನು ನಾನು ಒಪ್ಪುವುದಿಲ್ಲ, ಯಾವ ಕಾಲದ್ದಾದರೂ. ಕಳಿಸದೆ ಇಟ್ಟುಕೊಂಡದ್ದಕ್ಕೆ ಕೈ ಮುಗಿಯುತ್ತೇನೆ. ನಿವೆನ್ ಜೀವನಪೂರ್ತಿ ಅವರನ್ನು ನೆನೆದ.

ಅರಮನೆಯಲ್ಲಿ ಸಂಸಾರ

ಅರಮನೆಯಲ್ಲಿ ಹುಡುಗರನ್ನು ಇಡೋದು ಸುಲಭವೇ? ಮಾರ್ಬಲ್ ಸಲೂನ್ ಅಂತ ಒಂದು ಅಂಡಾಕಾರದ ಹಾಲ್ ಇದೆ. ರೋಮಿನ ಪುರಾತನ ಗುಡಿ ಪ್ಯಾಂಥಿಯನ್ ನೋಡಿ ಮಾಡಿದ್ದು. 56 ಅಡಿ ಎತ್ತರ, ಸುತ್ತ ಕಂಬಗಳು, ಮೇಲೆ ಉಬ್ಬುಶಿಲ್ಪದ ಮೆರವಣಿಗೆ. ಹುಡುಗರು ಸೇರುತ್ತಿದ್ದ ಜಾಗ ಅದು. ಡ್ಯೂಕ್‌ಗಳ ಊಟದ ಕೋಣೆ ಹುಡುಗರ ಊಟದ ಮನೆ ಆಯಿತು. ಅವರ ಲೈಬ್ರರಿ ಶಾಲೆಯ ಲೈಬ್ರರಿ ಆಯಿತು. ಕ್ವೀನ್ಸ್ ಟೆಂಪಲ್ ಅನ್ನೋ ಗುಡಿಯಲ್ಲಿ ಸಂಗೀತದ ಪಾಠ. ಹಾಸ್ಟೆಲ್‌ಗಳಿಗೆ ಮನೆತನದ ಹೆಸರುಗಳು: ಬ್ರೂಸ್, ಟೆಂಪಲ್, ಗ್ರೆನ್‌ವಿಲ್, ಶಾಂಡೋಸ್, ಕೋಬಮ್. ಜಾಗ ಸಾಲದೆ 1925ರಲ್ಲಿ ಹೊಸದಾಗಿ ಚ್ಯಾಟಮ್ ಹಾಸ್ಟೆಲ್ ಕಟ್ಟಿದರು.

ಒಬ್ಬ ಡ್ಯೂಕ್ ವರ್ಷಕ್ಕೆ ನಾಲ್ಕು ಸಲ ಕಾಲಿಡುವ ಕೋಣೆಗೂ 500 ಜೊತೆ ಬೂಟು ದಿನಕ್ಕೆ ಮೂರು ಸಲ ತುಳಿಯುವ ಕೋಣೆಗೂ ವ್ಯತ್ಯಾಸ ಇದೆಯಲ್ಲ. ಗೋಡೆ ಸವೆಯುತ್ತದೆ, ಬಾಗಿಲು ಕಿತ್ತು ಬರುತ್ತದೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಜನ ಇರುವ ಮನೆಯಲ್ಲಿ ಸೂರು ಸೋರಿದರೆ ಅವತ್ತೇ ಗೊತ್ತಾಗುತ್ತದೆ. ಒಲೆ ಉರಿಯುತ್ತದೆ, ಕಿಟಕಿ ತೆಗೆಯುತ್ತಾರೆ, ಗಾಳಿ ಆಡುತ್ತದೆ. ನಮ್ಮ ಊರಿನ ವಾಡೆ ಬಿದ್ದದ್ದು ಯಾರೋ ಹಾಳು ಮಾಡಿದ್ದರಿಂದಲ್ಲ, ಹತ್ತು ಮಳೆಗಾಲ ಯಾರೂ ಬಾಗಿಲು ತೆಗೆಯದೇ ಇದ್ದದ್ದರಿಂದ.

ಹದಿನಾರು ಕಂಬ

ಈ ಪ್ರಕರಣದಲ್ಲಿ ನಾನು ಜಾಸ್ತಿ ಹೊತ್ತು ನಿಂತು ಯೋಚಿಸಿದ್ದು ಇಲ್ಲಿ.

ಶಾಲೆಗೆ ಒಂದು ಚಾಪೆಲ್ ಬೇಕಿತ್ತು. ದಿನದ ಪ್ರಾರ್ಥನೆಗೆ ಎಲ್ಲ ಹುಡುಗರೂ ಕೂರುವಂಥದ್ದು. ಮರಗಳ ಹಿಂದಿನ ಹಳೆಯ ಊರ ಚರ್ಚ್ ತೀರಾ ಚಿಕ್ಕದು. ವಾಸ್ತುಶಿಲ್ಪಿ ಸರ್ ರಾಬರ್ಟ್ ಲಾರಿಮರ್. 1927ರಲ್ಲಿ ಮೇರಿ ರಾಣಿ ಶಂಕುಸ್ಥಾಪನೆ ಮಾಡಿದರು, 1929ರಲ್ಲಿ ಚಾಪೆಲ್ ತೆರೆಯಿತು.

ತೋಟದಲ್ಲಿ ಟೆಂಪಲ್ ಆಫ್ ಕಾಂಕರ್ಡ್ ಅಂಡ್ ವಿಕ್ಟರಿ ಅಂತ ಒಂದು ದೊಡ್ಡ ಗುಡಿ ಇತ್ತು. 1740ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಗ್ರೀಕ್ ಗುಡಿಯ ಹಾಗೆ ಸುತ್ತಲೂ 28 ಕಂಬ. ಅಷ್ಟು ಹೊತ್ತಿಗೆ ಅದು ಶಿಥಿಲವಾಗಿತ್ತು. ಶಾಲೆಯವರು ಅದರ 16 ಕಂಬಗಳನ್ನು ತೆಗೆದು ಹೊಸ ಚಾಪೆಲ್‌ನ ಒಳಗೆ ನಿಲ್ಲಿಸಿದರು. ಗುಡಿಯ ಕಡೆ ತೆರೆದ ಜಾಗಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿದರು.

ಮೊದಲ ಸಲ ಓದಿದಾಗ ಸಿಟ್ಟು ಬಂತು. ಉಳಿಸುತ್ತೇವೆ ಅಂತ ಬಂದವರೇ ಕೀಳೋದಾ? ಆಮೇಲೆ ಅವರ ಜಾಗದಲ್ಲಿ ನಿಂತು ನೋಡಿದೆ. 1920ರ ದಶಕ. ಸರ್ಕಾರದಿಂದ ಕಾಸಿಲ್ಲ. ಹಳೆಯ ಕಟ್ಟಡ, ಜಾಗಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ ದೊಡ್ಡ ಮನೆಗಳನ್ನು ಉಳಿಸುವ ಯೋಜನೆ ತಂದದ್ದೇ 1930ರ ದಶಕದ ಕೊನೆಗೆ. ತೋಟದಲ್ಲಿ ಇಂಥ ಕಟ್ಟಡ ಒಂದೆರಡಲ್ಲ, ಹತ್ತಾರು. ಎಲ್ಲವೂ ಬೀಳುತ್ತಿವೆ. ಮಕ್ಕಳ ಫೀಸಿನ ದುಡ್ಡಿನಲ್ಲಿ ಯಾವುದನ್ನು ಅಂತ ಎತ್ತಿ ನಿಲ್ಲಿಸುವುದು? ನಮ್ಮಲ್ಲೂ ಪಾಳು ಗುಡಿಯ ಕಂಬ ತಂದು ಊರ ಮಂಟಪ ಕಟ್ಟಿದ ಊರುಗಳಿವೆ. ಬದುಕಿರುವವರಿಗೆ ಆ ಕಲ್ಲು ಬೇಕಿತ್ತು, ತಂದರು.

ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ, ಅದು ತಪ್ಪು. ಕಂಬ ತೆಗೆದ ಮೇಲೆ ಗುಡಿ ಗುಡಿಯಾಗಿ ಉಳಿಯಲಿಲ್ಲ. ಆದರೆ ಆ ತಪ್ಪು ಕೆಟ್ಟ ಮನಸ್ಸಿನದಲ್ಲ. ಒಂದೇ ಸಂಸ್ಥೆಯ ಮೇಲೆ ಎರಡು ಕೆಲಸ ಹೊರಿಸಿದ್ದರ ಫಲ ಅದು. ಶಾಲೆಯ ಕೆಲಸ ಮಕ್ಕಳನ್ನು ಬೆಳೆಸೋದು. ಇನ್ನೂರು ವರ್ಷದ ಹಳೆಯ ತೋಟ ಕಾಯುವುದು ಇನ್ನೊಂದು ಪೂರ್ತಿ ಕೆಲಸ. ಎರಡೂ ಎಳೆದಾಡಿದಾಗ ಶಾಲೆ ಮಕ್ಕಳ ಕಡೆಗೇ ಹೋಗುತ್ತದೆ, ಹೋಗಲೇಬೇಕು.

ಮತ್ತೆ ಸಾಲ

1930ರ ದಶಕದ ಶುರುವಿನಲ್ಲಿ ವಾರಿಂಗ್ಟನ್ ಅವರ ಶಾಲೆಗಳ ಗುಂಪು ಸಾಲದಲ್ಲಿ ಮುಳುಗಿತು. ಒಂದು ಶಾಲೆಯ ಆಸ್ತಿ ಅಡವಿಟ್ಟು ಇನ್ನೊಂದು ಕೊಳ್ಳುವ ಲೆಕ್ಕ ಎಷ್ಟು ದಿನ ನಡೆದೀತು? ಲೀಗಲ್ ಅಂಡ್ ಜನರಲ್ ವಿಮಾ ಕಂಪನಿ ಸಾಲ ಕೊಟ್ಟು ಕೈ ಹಿಡಿಯಿತು, ವಾರಿಂಗ್ಟನ್ ಹೊರಗೆ ಹೋಗಬೇಕಾಯಿತು. ಅದೇ ಮನೆ, ಮತ್ತೆ ಸಾಲಗಾರರು. ಈ ಸಲ ಹರಾಜಾಗಲಿಲ್ಲ, ಯಾಕಂದರೆ ಮನೆಯಲ್ಲಿ ಮಕ್ಕಳಿದ್ದರು, ಫೀಸು ಬರುತ್ತಿತ್ತು, ಶಾಲೆಗೆ ಹೆಸರಿತ್ತು.

ಎರಡನೇ ಮಹಾಯುದ್ಧ ಬಂತು. ಸ್ಟೋದಲ್ಲಿ ಓದಿದವರೆಲ್ಲ ಆಗ ಯುದ್ಧಕ್ಕೆ ಹೋಗುವ ವಯಸ್ಸಿನವರೇ. ಶಾಲೆಗೇ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 250ಕ್ಕೂ ಹೆಚ್ಚು ಹಳೆಯ ವಿದ್ಯಾರ್ಥಿಗಳು ಸತ್ತರು. ಪ್ರತಿಯೊಬ್ಬನ ಹುಟ್ಟುಹಬ್ಬ ನೆನಪಿಟ್ಟುಕೊಂಡಿದ್ದ ಮನುಷ್ಯ ಆ ಪಟ್ಟಿ ಬೆಳೆಯುವುದನ್ನು ಹೇಗೆ ನೋಡಿರಬಹುದು? ಯುದ್ಧ ಮುಗಿದು ನಾಲ್ಕು ವರ್ಷಕ್ಕೆ ನಿವೃತ್ತರಾದರು, 1954ರಲ್ಲಿ ತೀರಿಕೊಂಡರು.

ಬದುಕಿ ಬಂದವರಲ್ಲಿ ಒಬ್ಬರು ಲಿಯೊನಾರ್ಡ್ ಚೆಷೈರ್. ಬಾಂಬರ್ ವಿಮಾನದ ಪೈಲಟ್, ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು. ನಾಗಾಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ ಬ್ರಿಟನ್ನಿನ ಪರವಾಗಿ ವಿಮಾನದಿಂದ ನೋಡಿದವರು. 1948ರಲ್ಲಿ ಹ್ಯಾಂಪ್‌ಶೈರ್‌ನ ಲೆ ಕೋರ್ಟ್ ಅನ್ನೋ ಖಾಲಿ ಬಂಗಲೆಗೆ, ಆಸ್ಪತ್ರೆಯಿಂದ ಕಳಿಸಿದರೆ ಹೋಗಲು ಎಲ್ಲೂ ಜಾಗವಿಲ್ಲದ, ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ರೋಗಿಯನ್ನು ಕರೆತಂದು ತಾವೇ ಆರೈಕೆ ಮಾಡಿದರು. ರೋಗಿಗಳನ್ನು, ಅಂಗವಿಕಲರನ್ನು ನೋಡಿಕೊಳ್ಳುವ ಚೆಷೈರ್ ಹೋಮ್‌ಗಳು ಹುಟ್ಟಿದ್ದು ಅಲ್ಲಿ. 1950ರ ದಶಕದಲ್ಲಿ ಅವು ಭಾರತಕ್ಕೂ ಬಂದವು, ಬೆಂಗಳೂರಿನಲ್ಲೂ ಒಂದಿದೆ. ಖಾಲಿ ದೊಡ್ಡ ಮನೆಯನ್ನು ಕಂಡಾಗ ಇದರಲ್ಲಿ ಯಾರನ್ನು ಇಡಬಹುದು ಅಂತ ಯೋಚಿಸುವ ಬುದ್ಧಿ ಅವರಿಗೆ ಸ್ಟೋದಿಂದಲೇ ಬಂತೋ ಏನೋ. ಹಾಗೆ ಅಂದುಕೊಳ್ಳಲು ನನಗೆ ಇಷ್ಟ.

ಹೊರೆ ಹಂಚಿದ್ದು

ಯುದ್ಧದ ನಂತರ ತೋಟದ ಸ್ಥಿತಿ ಇನ್ನೂ ಕೆಟ್ಟಿತು. ಶಾಲೆ ಕೈಲಾದದ್ದು ಮಾಡಿತು. ಸರ್ಕಾರದ ಹಳೆ ಕಟ್ಟಡಗಳ ಅನುದಾನ ಸ್ವಲ್ಪ ಸಿಕ್ಕಿತು. 1960ರ ದಶಕದಲ್ಲಿ ತೋಟವನ್ನು ಹಾಳು ಮಾಡುವಂಥ ಬದಲಾವಣೆ ಮಾಡುವುದಿಲ್ಲ ಅಂತ ನ್ಯಾಷನಲ್ ಟ್ರಸ್ಟ್ ಜೊತೆ ಕರಾರು ಮಾಡಿಕೊಂಡರು. 1989ರಲ್ಲಿ ಹೆಸರು ಹೇಳದ ಒಬ್ಬ ದಾನಿ ದೊಡ್ಡ ಮೊತ್ತ ಕೊಟ್ಟದ್ದರಿಂದ ತೋಟದ ಬಹುಪಾಲು ಟ್ರಸ್ಟಿನ ಕೈಗೆ ಹೋಯಿತು. 1921ರಲ್ಲಿ ಹ್ಯಾರಿ ಶಾ ಅವರಿಗೆ ಹುಟ್ಟದ ಇಡುಗಂಟು 68 ವರ್ಷದ ಮೇಲೆ ಹುಟ್ಟಿತು.

1997ರಲ್ಲಿ ಮನೆಗೂ ಹೀಗೇ ಒಂದು ವ್ಯವಸ್ಥೆ ಮಾಡಿದರು. ಸ್ಟೋ ಹೌಸ್ ಪ್ರಿಸರ್ವೇಶನ್ ಟ್ರಸ್ಟ್ ಅಂತ ಬೇರೆಯೇ ಸಂಸ್ಥೆ. ಮನೆಯ ದುರಸ್ತಿ, ಅದಕ್ಕೆ ದುಡ್ಡು ಕೂಡಿಸುವುದು, ಸಾರ್ವಜನಿಕರಿಗೆ ತೋರಿಸುವುದು ಅದರ ಜವಾಬ್ದಾರಿ. ಶಾಲೆ ಅದರೊಳಗೆ ಇರುತ್ತದೆ. 2002ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದಲ್ಲಿರುವ ಜಾಗಗಳ ಪಟ್ಟಿಗೆ ಸ್ಟೋವನ್ನು ಸೇರಿಸಿತು, ದುಡ್ಡು ಕೂಡಿಸಲು ಅದೂ ನೆರವಾಯಿತು. ಹಂತ ಹಂತವಾಗಿ ಕೆಲಸ ನಡೆಯಿತು, ಮಾರ್ಬಲ್ ಸಲೂನಿನ ಉಬ್ಬುಶಿಲ್ಪ ಮತ್ತೆ ಬೆಳ್ಳಗಾಯಿತು. ಬ್ಲ್ಯಾಕ್‌ಪೂಲ್‌ಗೆ ಹೋದ ಸಿಂಹಗಳ ಪಡಿಯಚ್ಚು ಮಾಡಿಸಿ 2013ರಲ್ಲಿ ದಕ್ಷಿಣದ ಮೆಟ್ಟಿಲ ಬಳಿ ಕೂರಿಸಿದರು.

ಇಷ್ಟು ಕಾಲಕ್ಕೆ ಅದು ಬರೀ ಹುಡುಗರ ಶಾಲೆಯಾಗಿಯೂ ಉಳಿಯಲಿಲ್ಲ. 1974ರಲ್ಲಿ ಮೇಲಿನ ಎರಡು ತರಗತಿಗೆ ಹುಡುಗಿಯರು ಬಂದರು, ಈ ಶತಮಾನದಲ್ಲಿ ಎಲ್ಲ ತರಗತಿಗೂ. ಫೀಸು ಮಾತ್ರ ಇವತ್ತಿಗೂ ದೊಡ್ಡವರ ಮಕ್ಕಳಿಗೇ ನಿಲುಕುವಂಥದ್ದು. ಬಡವರ ಮಕ್ಕಳು ಆ ಮನೆಯನ್ನು ನೋಡುವುದು ಟಿಕೆಟ್ ತೆಗೆದುಕೊಂಡು. ಇದು ನನಗೆ ನೋವಿನ ವಿಷಯವೇ. ಊಟಕ್ಕೂ ವಸತಿಗೂ ಕಾಸು ಕೇಳದ ನಮ್ಮ ಮಠದ ಹಾಸ್ಟೆಲ್‌ಗಳಲ್ಲಿ ಓದಿದವರನ್ನು ಹತ್ತಿರದಿಂದ ಬಲ್ಲೆ, ಹಾಗಾಗಿ ಇನ್ನೂ ಜಾಸ್ತಿ ಚುಚ್ಚುತ್ತದೆ.

ತೋಟ ಕೈಗೆ ಬಂದ ಮೇಲೆ ನ್ಯಾಷನಲ್ ಟ್ರಸ್ಟ್ ಕೈ ಹಾಕಿದ ದೊಡ್ಡ ಕೆಲಸಗಳಲ್ಲಿ ಒಂದು ಟೆಂಪಲ್ ಆಫ್ ಕಾಂಕರ್ಡ್ ಅಂಡ್ ವಿಕ್ಟರಿ. ಚಾಪೆಲ್‌ನಿಂದ ಹಳೆಯ ಕಂಬ ವಾಪಸ್ ತರಬೇಕಾ ಅಂದರೆ, ಚಾಪೆಲ್ ಬೀಳುತ್ತದೆ. ಅಷ್ಟು ಹೊತ್ತಿಗೆ ಆ ಚಾಪೆಲ್‌ಗೂ ಅರವತ್ತು ದಾಟಿತ್ತು. ಅಲ್ಲಿ ಪ್ರಾರ್ಥನೆ ಮಾಡಿ ಯುದ್ಧಕ್ಕೆ ಹೋದ ಹುಡುಗರ ನೆನಪು ಅದಕ್ಕೆ ಅಂಟಿತ್ತು. ಹಾಗಾಗಿ ಹಳೆಯ ಕಂಬ ಮುಟ್ಟಲಿಲ್ಲ. 1990ರ ದಶಕದಲ್ಲಿ ಹೊಸ ಕಲ್ಲಿನಲ್ಲಿ 16 ಕಂಬ ಕಡೆದರು, ಇಟ್ಟಿಗೆ ಗೋಡೆ ಬಿಚ್ಚಿದರು, ಒಂದೊಂದಾಗಿ ನಿಲ್ಲಿಸಿದರು. ಈಗ ಗುಡಿಯ ಸುತ್ತ ಮತ್ತೆ 28 ಕಂಬಗಳಿವೆ, ಮತ್ತು ಅದರ ಹಳೆಯ 16 ಕಂಬ ಶಾಲೆಯ ಚಾಪೆಲ್‌ನಲ್ಲಿ ಮಕ್ಕಳ ಪಕ್ಕದಲ್ಲೇ ನಿಂತಿವೆ.